ಕೇಳಿಸಿಕೊಳ್ಳುವ ಕೋಶಗಳು ಸತ್ತಿರಲಿಲ್ಲ: 1982ರ ಸ್ಯಾನ್ ಹೋಸೆ ಪ್ರಕರಣ

1982ರ ಜುಲೈ ತಿಂಗಳು. ಊರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಇವತ್ತು ನಮ್ಮ ಕನ್ನಡದವರೇ ಎಷ್ಟೋ ಮಂದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿರುವ ಜಾಗ ಅದು. ಅಲ್ಲಿನ ಸಾಂತಾ ಕ್ಲಾರಾ ವ್ಯಾಲಿ ಮೆಡಿಕಲ್ ಸೆಂಟರ್‌ನಲ್ಲಿ 42 ವರ್ಷದ ಒಬ್ಬರು ದಾಖಲಾಗಿದ್ದರು. ಮೈ ಕಟ್ಟಿಗೆಯ ಹಾಗೆ ಬಿಗಿದಿತ್ತು. ಮಾತಿಲ್ಲ. ಮುಖದಲ್ಲಿ ನಗು, ಅಳು, ಸಿಟ್ಟು ಏನೂ ಇಲ್ಲ. ಕಣ್ಣು ಮಿಟುಕಿಸುವುದೂ ಅಪರೂಪ. ಇದು ಮನಸ್ಸಿನ ಕಾಯಿಲೆ ಅಂದುಕೊಂಡರು ಕೆಲವರು. ಹಾಗೆ ಅಂದುಕೊಂಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಎದುರಿಗೆ ಕೂತವರು ಕಲ್ಲಿನ ಹಾಗೆ ಇದ್ದಾಗ ಒಳಗೆ ಏನು ನಡೀತಿದೆ ಅಂತ ಹೊರಗಿನವರಿಗೆ ಗೊತ್ತಾಗುವುದಾದರೂ ಹೇಗೆ?

ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಅವರನ್ನು ನೋಡಲು ಬಂದರು. ರೋಗಿಯ ಬೆರಳು ಸ್ವಲ್ಪ ಅಲ್ಲಾಡುತ್ತಿತ್ತು. ಕೈಗೆ ಒಂದು ಪೆನ್ಸಿಲ್ ಕೊಟ್ಟು, ಕಾಗದ ಇಟ್ಟು, ಕಾದರು. ತುಂಬಾ ಹೊತ್ತಿನ ಮೇಲೆ, ತುಂಬಾ ಕಷ್ಟಪಟ್ಟು, ಆ ಮನುಷ್ಯ ಬರೆದರು. ತನಗೆ ಏನಾಗುತ್ತಿದೆ ಅಂತ ಗೊತ್ತಿಲ್ಲ, ಏನು ಮಾಡಬೇಕು ಅನ್ನುವುದು ಮನಸ್ಸಿನಲ್ಲಿ ಸ್ಪಷ್ಟವಾಗಿದೆ, ಆದರೆ ಅದು ಸರಿಯಾಗಿ ಹೊರಗೆ ಬರುತ್ತಿಲ್ಲ ಅನ್ನುವುದು ಆ ಬರಹದ ಸಾರ.

ಈ ಪ್ರಕರಣದ ಬಗ್ಗೆ ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಕಾರಣ ನಮ್ಮ ದೊಡ್ಡಪ್ಪ. ಅವರಿಗೆ ಪಾರ್ಕಿನ್ಸನ್ ಇದೆ. ಕಾಯಿಲೆ ಏನು ಅಂತ ಗೊತ್ತಾಗುವ ಮುಂಚೆ ಎರಡು ವರ್ಷ ಮನೆಯವರೆಲ್ಲ "ವಯಸ್ಸಾಯ್ತು, ಅದಕ್ಕೇ ನಿಧಾನ" ಅಂದೆವು. ಕೆಲವರು "ಮುಖ ಗಂಟು ಹಾಕಿಕೊಂಡು ಕೂತಿರ್ತಾರೆ, ಯಾರನ್ನೂ ಮಾತಾಡ್ಸಲ್ಲ" ಅಂತ ಬೇಜಾರು ಮಾಡಿಕೊಂಡರು. ಅವರು ಗಂಟು ಹಾಕಿಕೊಂಡಿರಲಿಲ್ಲ. ಒಳಗೆ ನಗುತ್ತಿದ್ದರು, ಆ ನಗು ಮುಖದವರೆಗೆ ಬರುತ್ತಿರಲಿಲ್ಲ ಅಷ್ಟೆ. ಆ ಪೆನ್ಸಿಲ್ ಬರಹದ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅವರೇ.

ಸ್ಯಾನ್ ಹೋಸೆಗೆ ವಾಪಸ್ ಬರೋಣ. ಈ ರೋಗಿಯ ಗೆಳತಿಗೂ ಅದೇ ಸ್ಥಿತಿ ಅಂತ ಗೊತ್ತಾಯಿತು. ಆಮೇಲೆ ಹತ್ತಿರದ ವಾಟ್ಸನ್‌ವಿಲ್ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು, ಇನ್ನೂ ಚಿಕ್ಕ ವಯಸ್ಸಿನವರು, ಹೀಗೇ ಮರಗಟ್ಟಿ ಹೋಗಿದ್ದಾರೆ ಅಂತ ಇನ್ನೊಬ್ಬ ವೈದ್ಯರಿಂದ ಸುದ್ದಿ ಬಂತು. ಪಾರ್ಕಿನ್ಸನ್ ಅಂದರೆ ಸಾಮಾನ್ಯವಾಗಿ ಅರವತ್ತರ ಆಸುಪಾಸಿನವರ ಕಾಯಿಲೆ. ಹತ್ತಾರು ವರ್ಷ ಒಳಗೊಳಗೇ ಬೆಳೆದು ನಿಧಾನವಾಗಿ ಕಾಣಿಸಿಕೊಳ್ಳುವಂಥದ್ದು. ಇಲ್ಲಿ ಕೆಲವೇ ದಿನಗಳಲ್ಲಿ ಕಾಯಿಲೆ ಪೂರ್ತಿ ಬಂದು ಕೂತಿತ್ತು. ಇವರೆಲ್ಲರನ್ನೂ ಸೇರಿಸುವ ಒಂದೇ ಒಂದು ಸಂಗತಿ ಅಂದರೆ, ಹೆರಾಯಿನ್‌ಗೆ ಬದಲಿ ಅಂತ ಬೀದಿಯಲ್ಲಿ ಮಾರುತ್ತಿದ್ದ ಒಂದು ಪುಡಿಯನ್ನು ಇವರು ರಕ್ತನಾಳಕ್ಕೆ ಚುಚ್ಚಿಕೊಂಡಿದ್ದರು.

ಲ್ಯಾಂಗ್‌ಸ್ಟನ್ ಸುದ್ದಿಗೋಷ್ಠಿ ಕರೆದು ಜನರಿಗೆ ಎಚ್ಚರಿಕೆ ಕೊಟ್ಟರು. ಮುಂದೆ ಅವರ ತಂಡ ಇಂಥ ಏಳು ಜನರ ವಿವರ ಪ್ರಕಟಿಸಿತು. ಇವರ ಬಗ್ಗೆ ಬರೆಯುವವರು ಹೆಚ್ಚಿನವರು ವ್ಯಸನಿಗಳು ಅಂತಲೇ ಕರೆಯುತ್ತಾರೆ. ನನಗೆ ಅದು ಇಷ್ಟವಿಲ್ಲ. ಇವತ್ತು ಪಾರ್ಕಿನ್ಸನ್ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ವಿಷಯ ಈ ಏಳು ಜನರ ಕಷ್ಟದಿಂದ ಬಂದಿದೆ. ರೋಗಿಗಳು ಅಂದರೆ ಸಾಕು.

ಪುಡಿಯಲ್ಲಿ ಏನಿತ್ತು? ಹುಡುಕುವಾಗ ಒಂದು ಹಳೆಯ ಪ್ರಬಂಧ ಕೈಗೆ ಬಂತು, 1979ರದ್ದು. ಅದರಲ್ಲಿ ಮೇರಿಲ್ಯಾಂಡ್‌ನ ಒಬ್ಬ 23 ವರ್ಷದ ರಸಾಯನಶಾಸ್ತ್ರ ವಿದ್ಯಾರ್ಥಿಯ ಕಥೆ ಇತ್ತು. 1976ರಲ್ಲಿ ಅವನು ಎಂಪಿಪಿಪಿ ಅನ್ನುವ ನೋವುನಿವಾರಕದಂಥ ವಸ್ತುವನ್ನು ತನಗೋಸ್ಕರ ತಾನೇ ತಯಾರಿಸಿಕೊಂಡಿದ್ದ. ಒಂದು ಸಲ ಅವಸರ ಮಾಡಿ, ಸುಲಭದ ದಾರಿ ಹಿಡಿದ. ಅದನ್ನು ಚುಚ್ಚಿಕೊಂಡ ಮೇಲೆ ಮೈ ಮರಗಟ್ಟಿತು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಅನ್ನುವ ಔಷಧಿ ಕೊಟ್ಟಾಗ ಸುಧಾರಿಸಿದ. ಎರಡು ವರ್ಷದ ನಂತರ ಬೇರೆ ಮಾದಕ ವಸ್ತು ಜಾಸ್ತಿಯಾಗಿ ತೀರಿಕೊಂಡ. ಅವನ ಮೆದುಳನ್ನು ನೋಡಿದಾಗ ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನುವ ಜಾಗದ ಕೋಶಗಳು ನಾಶವಾಗಿದ್ದವು. ಆ ಪ್ರಬಂಧವನ್ನು ಆಗ ಹೆಚ್ಚು ಜನ ಗಮನಿಸಿರಲಿಲ್ಲ. ಸ್ಯಾನ್ ಹೋಸೆಯ ಪುಡಿಯನ್ನು ಪರೀಕ್ಷಿಸಿದಾಗ ಅದೇ ಎಡವಟ್ಟು ಅಲ್ಲೂ ಆಗಿತ್ತು ಅಂತ ತಿಳಿಯಿತು. ಇಬ್ಬರು ರೋಗಿಗಳು ಬಳಸಿದ ಪುಡಿಯಲ್ಲಿ ಎಂಪಿಪಿಪಿ ಬರೀ ಲೇಶದಷ್ಟಿತ್ತು. ಮುಖ್ಯವಾಗಿ ಇದ್ದದ್ದು ಎಂಪಿಟಿಪಿ, ತಯಾರಿ ಕೆಟ್ಟಾಗ ಹುಟ್ಟುವ ಕಲಬೆರಕೆ. 1983ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ನಾಲ್ವರು ರೋಗಿಗಳ ವಿವರದೊಂದಿಗೆ ಇದು ಪ್ರಕಟವಾಯಿತು.

ಎಂಪಿಟಿಪಿ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಅದು ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ರಕ್ತದಿಂದ ಮೆದುಳಿನೊಳಕ್ಕೆ ಸಲೀಸಾಗಿ ನುಗ್ಗುತ್ತದೆ. ಅಲ್ಲಿ ನರಕೋಶಗಳ ಪಕ್ಕ ಇರುವ ಆಸರೆ ಕೋಶಗಳಲ್ಲಿ ಎಂಎಒ-ಬಿ ಅನ್ನುವ ಕಿಣ್ವ ಇರುತ್ತದೆ. ಅದು ಎಂಪಿಟಿಪಿಯನ್ನು ಎಂಪಿಪಿ ಪ್ಲಸ್ ಅನ್ನುವ ವಿಷವಾಗಿ ಮಾರ್ಪಡಿಸುತ್ತದೆ. ಇನ್ನು ಆ ನೈಗ್ರಾದಲ್ಲಿ ಡೋಪಮೈನ್ ತಯಾರಿಸುವ ಕೋಶಗಳ ವಿಷಯ. ಡೋಪಮೈನ್ ಅಂದರೆ ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕ. ತಾವು ಚೆಲ್ಲಿದ ಡೋಪಮೈನನ್ನು ವಾಪಸ್ ಒಳಗೆ ಎಳೆದುಕೊಳ್ಳಲು ಅವುಗಳಿಗೆ ಒಂದು ಬಾಗಿಲಿದೆ. ಆ ಬಾಗಿಲು ವಿಷವನ್ನೂ ಡೋಪಮೈನ್ ಅಂತಲೇ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದ ವಿಷ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಯ ಮೊದಲ ಘಟ್ಟವನ್ನೇ ನಿಲ್ಲಿಸಿಬಿಡುತ್ತದೆ. ಕೋಶ ಶಕ್ತಿ ಇಲ್ಲದೆ ಸಾಯುತ್ತದೆ.

ಇಲ್ಲಿಯವರೆಗಿನ ಕಥೆಯನ್ನು ತುಂಬಾ ಜನ ಹೇಳಿದ್ದಾರೆ. ಎಲ್ಲರೂ ಸತ್ತ ಕೋಶಗಳ ಬಗ್ಗೆಯೇ ಹೇಳುತ್ತಾರೆ. ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು ಸಾಯದೆ ಉಳಿದ ಕೋಶಗಳು.

ಲೆಕ್ಕ ನೋಡಿ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೈಗ್ರಾದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಕೆಲವೇ ಲಕ್ಷ. ಈ ವಿಷ ಕೊಂದದ್ದು ಮುಖ್ಯವಾಗಿ ಆ ಕೆಲವು ಲಕ್ಷದ ಗುಂಪನ್ನು. ರೋಗಿಯ ಸ್ನಾಯು ಚೆನ್ನಾಗಿತ್ತು. ಬೆನ್ನುಹುರಿ ಚೆನ್ನಾಗಿತ್ತು. ಕೈಕಾಲಿಗೆ ಆಜ್ಞೆ ಕಳಿಸುವ ಮೆದುಳಿನ ಮೇಲ್ಪದರವೂ ಚೆನ್ನಾಗಿತ್ತು. ಆಸೆ, ಯೋಚನೆ, ಇಚ್ಛೆ ಎಲ್ಲ ಇತ್ತು, ಅದನ್ನು ಪೆನ್ಸಿಲ್ ಬರಹವೇ ಹೇಳುತ್ತದೆ. ಮತ್ತೆ ಚಲನೆ ಎಲ್ಲಿ ನಿಂತಿತು?

ಅದು ನಿಂತಿದ್ದು ಸ್ಟ್ರಯೇಟಮ್‌ನಲ್ಲಿ. ಮೆದುಳಿನ ಆಳದಲ್ಲಿರುವ ಒಂದು ದೊಡ್ಡ ಗುಂಪು ಅದು, ನೈಗ್ರಾದ ಕೋಶಗಳು ತಮ್ಮ ತಂತುಗಳನ್ನು ಕಳಿಸುವುದು ಅಲ್ಲಿಗೇ. ಒಂದೊಂದು ತಂತುವೂ ಬಳ್ಳಿಯ ಹಾಗೆ ಕವಲೊಡೆಯುತ್ತದೆ. ಇಲಿಗಳಲ್ಲಿ ನೋಡಿದಾಗ ಒಂದೇ ಡೋಪಮೈನ್ ಕೋಶ ಸ್ಟ್ರಯೇಟಮ್‌ನ ಹತ್ತಾರು ಸಾವಿರ ಕೋಶಗಳ ವ್ಯಾಪ್ತಿಗೆ ಹಬ್ಬಿರುತ್ತದೆ. ಈ ಸ್ಟ್ರಯೇಟಮ್ ಕೋಶಗಳೇ ಡೋಪಮೈನನ್ನು ಕೇಳಿಸಿಕೊಳ್ಳುವವು. ಅವುಗಳ ಮೇಲೆ ರಿಸೆಪ್ಟರ್‌ಗಳಿವೆ, ಕಿವಿ ಇದ್ದ ಹಾಗೆ. ಮತ್ತು ಎಲ್ಲ ಕಿವಿಗಳೂ ಒಂದೇ ಥರ ಅಲ್ಲ. ಮುಖ್ಯವಾಗಿ ಎರಡು ಬಗೆ. ಡಿ1 ಇರುವ ಕೋಶಗಳು ಡೋಪಮೈನ್ ಬಂದರೆ ಚುರುಕಾಗುತ್ತವೆ. ಡಿ2 ಇರುವ ಕೋಶಗಳು ಅದೇ ಡೋಪಮೈನ್ ಬಂದರೆ ತಣ್ಣಗಾಗುತ್ತವೆ.

ಒಂದೇ ಮಾತಿಗೆ ಇಬ್ಬರು ಉಲ್ಟಾ ಪ್ರತಿಕ್ರಿಯೆ ಯಾಕೆ ಕೊಡಬೇಕು? ಕೆರೆಯ ಕೆಳಗೆ ಗದ್ದೆ ಇರುವ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆರೆ ತುಂಬಿದೆ ಅಂದುಕೊಳ್ಳಿ. ತೂಬು ಯಾವಾಗಲೂ ಮುಚ್ಚಿಯೇ ಇರುತ್ತದೆ. ಯಾರೋ ಎತ್ತಿದರೆ ಮಾತ್ರ ನೀರು ಹರಿಯುತ್ತದೆ. ಮೆದುಳಿನ ತೂಬು ಅಂದರೆ, ಆಳದಲ್ಲೇ ಇರುವ ಇನ್ನೊಂದು ಗುಂಪಾದ ಗ್ಲೋಬಸ್ ಪ್ಯಾಲಿಡಸ್‌ನ ಒಳಭಾಗ. ಅಲ್ಲಿನ ಕೋಶಗಳು ನಾವು ಸುಮ್ನೆ ಕೂತಿರುವಾಗಲೂ ಸೆಕೆಂಡಿಗೆ ಹತ್ತಾರು ಸಲ ಮಿಡಿಯುತ್ತಾ ಮೇಲ್ಪದರಕ್ಕೆ ಸಂದೇಶ ದಾಟಿಸುವ ಥಲಾಮಸ್ ಅನ್ನುವ ಭಾಗವನ್ನು ಒತ್ತಿ ಹಿಡಿದಿರುತ್ತವೆ. ಥಲಾಮಸ್ ಬಿಡುಗಡೆಯಾದರೆ ಮಾತ್ರ ಮೇಲ್ಪದರಕ್ಕೆ ಹಸಿರು ನಿಶಾನೆ, ಆಗ ಕೈ ಏಳುತ್ತದೆ. ಈಗ ಇಬ್ಬರು ನೀರುಗಂಟಿಗಳು ಇದ್ದಾರೆ ಅಂದುಕೊಳ್ಳಿ. ಒಬ್ಬ ತೂಬು ಎತ್ತುವವನು, ಅವನು ಡಿ1. ನೇರವಾಗಿ ಪ್ಯಾಲಿಡಸ್ಸಿನ ಬಾಯಿ ಮುಚ್ಚಿಸುತ್ತಾನೆ. ಇನ್ನೊಬ್ಬ ತೂಬು ಇಳಿಸುವವನು, ಅವನು ಡಿ2. ಅವನದು ಸುತ್ತಿನ ದಾರಿ, ಪ್ಯಾಲಿಡಸ್ಸಿನ ಹೊರಭಾಗ, ಅಲ್ಲಿಂದ ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಅಲ್ಲಿಂದ ಮತ್ತೆ ಒಳಭಾಗ, ಹೀಗೆ ಹೋಗಿ ತೂಬನ್ನು ಇನ್ನೂ ಬಿಗಿ ಮಾಡುತ್ತಾನೆ. ಡೋಪಮೈನ್ ಒಬ್ಬನಿಗೆ "ಎತ್ತು" ಅನ್ನುತ್ತದೆ, ಇನ್ನೊಬ್ಬನಿಗೆ "ಸ್ವಲ್ಪ ತಡಿ" ಅನ್ನುತ್ತದೆ. ಎರಡೂ ಮಾತಿನ ಫಲ ಒಂದೇ. ನೀರು ಹರಿಯುತ್ತದೆ.

ಸ್ಯಾನ್ ಹೋಸೆಯ ರೋಗಿಯಲ್ಲಿ ಹೇಳುವವರು ಸತ್ತಿದ್ದರು. ನೀರುಗಂಟಿಗಳು ಇದ್ದರು. ಎತ್ತುವವನಿಗೆ ಎತ್ತು ಅನ್ನುವವರಿಲ್ಲ, ಇಳಿಸುವವನಿಗೆ ತಡಿ ಅನ್ನುವವರಿಲ್ಲ. ಹಾಗಾಗಿ ತೂಬು ಗಟ್ಟಿಯಾಗಿ ಕೂತುಬಿಟ್ಟಿತು. ಕೆರೆಯಲ್ಲಿ ನೀರಿದೆ, ಗದ್ದೆ ಕಾಯುತ್ತಿದೆ, ಕಾಲುವೆಯಲ್ಲಿ ಒಂದು ಹನಿ ಇಲ್ಲ.

ಇದಕ್ಕೆ ಪುರಾವೆ ಏನು? ಮೊದಲ ಪುರಾವೆ ಔಷಧಿಯೇ. ರೋಗಿಗಳಿಗೆ ಲೆವೊಡೋಪಾ ಕೊಟ್ಟರು. ಡೋಪಮೈನನ್ನೇ ಯಾಕೆ ಕೊಡಲಿಲ್ಲ ಅಂದರೆ, ಅದಕ್ಕೆ ರಕ್ತದಿಂದ ಮೆದುಳಿಗೆ ದಾಟಲು ಆಗುವುದಿಲ್ಲ. ಲೆವೊಡೋಪಾ ದಾಟುತ್ತದೆ, ದಾಟಿದ ಮೇಲೆ ಡೋಪಮೈನ್ ಆಗುತ್ತದೆ. ಕಲ್ಲಿನ ಹಾಗೆ ಕೂತಿದ್ದವರು ಎದ್ದರು, ಮಾತಾಡಿದರು. ಕೇಳಿಸಿಕೊಳ್ಳುವ ಕೋಶಗಳೂ ಸತ್ತಿದ್ದರೆ ಇದು ಸಾಧ್ಯವೇ ಇರಲಿಲ್ಲ, ಅಲ್ವಾ? ಸಂದೇಶ ಮತ್ತೆ ಬಂದ ಕೂಡಲೇ ಕೆಲಸಕ್ಕೆ ಇಳಿಯಲು ಅವು ಸಿದ್ಧವಾಗಿದ್ದವು.

ಇದೇ ಮಾತನ್ನು 25 ವರ್ಷ ಮುಂಚೆ ಮೊಲಗಳು ಹೇಳಿದ್ದವು, ಅದರಲ್ಲಿ ನಮ್ಮ ದೇಶದ ಒಂದು ಗಿಡಕ್ಕೂ ಪಾತ್ರವಿದೆ. ಸರ್ಪಗಂಧದ ಬೇರಿನಿಂದ ರಿಸರ್ಪಿನ್ ಅನ್ನುವ ಔಷಧಿ ತೆಗೆಯುತ್ತಾರೆ. ರಕ್ತದೊತ್ತಡಕ್ಕೆ ಬಳಸುತ್ತಿದ್ದರು. ಅದು ಮೆದುಳಿನ ಡೋಪಮೈನ್ ಸಂಗ್ರಹವನ್ನು ಖಾಲಿ ಮಾಡುತ್ತದೆ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ರಿಸರ್ಪಿನ್ ಕೊಟ್ಟಾಗ ಮೊಲಗಳು ಕಿವಿ ಜೋಲಿಸಿಕೊಂಡು ಅಲ್ಲಾಡದೆ ಬಿದ್ದವು. ಲೆವೊಡೋಪಾದ ಥರದ್ದೇ ಆದ ಡೋಪಾ ಚುಚ್ಚಿದ ಮೇಲೆ ಎದ್ದು ಓಡಾಡಿದವು. ಅಲ್ಲಿ ಕೋಶ ಯಾವುದೂ ಸತ್ತಿರಲಿಲ್ಲ, ಬರೀ ಸಂದೇಶ ಖಾಲಿಯಾಗಿತ್ತು. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಸಿಕ್ಕಿತು. ಇನ್ನು ಲೆವೊಡೋಪಾ ನಮ್ಮ ಹಿತ್ತಿಲ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೆ. ಆ ಬೀಜದಿಂದ ಅದನ್ನು ಬೇರ್ಪಡಿಸಿದ ವರದಿಯನ್ನು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಪ್ರಕಟಿಸಿದ್ದರು. ಹಾಗಂತ ಯಾರೂ ಪುಡಿ ಮಾಡಿಕೊಂಡು ಕುಡಿಯಲು ಹೋಗಬೇಡಿ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ ಇರುತ್ತದೆ, ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಡೋಸ್ ಏರುಪೇರಾಗುತ್ತದೆ.

ಎರಡನೇ ಪುರಾವೆ ಮಂಗಗಳಿಂದ ಬಂತು. ಎಂಪಿಟಿಪಿ ಕೊಟ್ಟ ಇಲಿಗಳು ಸುಧಾರಿಸಿಕೊಂಡುಬಿಡುತ್ತವೆ, ಹಾಗಾಗಿ ಆ ಮೇರಿಲ್ಯಾಂಡ್ ಹುಡುಗನ ಸಮಯದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದವರಿಗೆ ಉತ್ತರ ಸಿಕ್ಕಿರಲಿಲ್ಲ. ಮಂಗಗಳು ಹಾಗಲ್ಲ, 1983ರಲ್ಲಿ ಕೊಟ್ಟು ನೋಡಿದಾಗ ಮನುಷ್ಯರ ಹಾಗೇ ಮರಗಟ್ಟಿದವು. ಆ ಪ್ರಾಣಿಗಳ ಕಷ್ಟವನ್ನೂ ನಾನು ಹಗುರವಾಗಿ ದಾಟಿ ಹೋಗಲಾರೆ. ಆದರೆ ಅವುಗಳಿಂದ ಬಂದ ಫಲ ದೊಡ್ಡದು. 1990ರಲ್ಲಿ ಬರ್ಗ್‌ಮನ್, ವಿಚ್‌ಮನ್ ಮತ್ತು ಡಿಲಾಂಗ್ ಇಂಥ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸನ್ನು, ಅಂದರೆ ಆ ಸುತ್ತಿನ ದಾರಿಯ ನಡುವಿನ ನಿಲ್ದಾಣವನ್ನು, ನಿಷ್ಕ್ರಿಯ ಮಾಡಿದರು. ಬಿಗಿತ ಇಳಿಯಿತು, ಮಂಗಗಳು ಓಡಾಡಿದವು. ಡೋಪಮೈನ್ ಒಂದು ಹನಿಯೂ ಸೇರಿಸಿರಲಿಲ್ಲ. ಇಳಿಸುವವನ ಮಾತು ತೂಬಿನವರೆಗೆ ತಲುಪದ ಹಾಗೆ ಮಾಡಿದ್ದರು, ಅಷ್ಟೆ. ಇವತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲೂ ಮೆದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಶನ್) ಚಿಕಿತ್ಸೆ ಮಾಡುತ್ತಾರಲ್ಲ, ಆ ತಂತಿಯನ್ನು ಹೆಚ್ಚಾಗಿ ಇಳಿಸುವುದು ಇದೇ ಜಾಗಕ್ಕೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. 2010ರಲ್ಲಿ ಕ್ರಾವಿಟ್ಜ್, ಕ್ರೈಟ್ಜರ್ ಮತ್ತು ಸಂಗಡಿಗರು ಸಣ್ಣ ಇಲಿಗಳಲ್ಲಿ ಒಮ್ಮೆ ಡಿ1 ಕೋಶಗಳನ್ನು ಮಾತ್ರ, ಇನ್ನೊಮ್ಮೆ ಡಿ2 ಕೋಶಗಳನ್ನು ಮಾತ್ರ ಬೆಳಕಿಗೆ ಸ್ಪಂದಿಸುವ ಹಾಗೆ ಮಾಡಿದರು. ಡಿ2 ಕೋಶಗಳಿಗೆ ಬೆಳಕು ಬಿಟ್ಟಾಗ ಆರೋಗ್ಯವಾಗಿದ್ದ ಇಲಿ ನಿಧಾನವಾಯಿತು, ನಿಂತ ಕಡೆ ನಿಂತಿತು. ಬೆಳಕು ಆರಿಸಿದರೆ ಮತ್ತೆ ಓಡಾಟ. ಡಿ1 ಕೋಶಗಳಿಗೆ ಬಿಟ್ಟಾಗ ಓಡಾಟ ಜಾಸ್ತಿ. ಡೋಪಮೈನ್ ಕಳೆದುಕೊಂಡ ಇಲಿಗಳಲ್ಲೂ ಡಿ1 ಕೋಶಗಳನ್ನು ಬೆಳಕಿನಿಂದ ಎಬ್ಬಿಸಿದರೆ ಅವು ನಡೆದಾಡಿದವು. 1982ರಲ್ಲಿ ರೋಗಿಯನ್ನು ನೋಡಿ ಊಹಿಸಬೇಕಾಗಿದ್ದನ್ನು ಇಲ್ಲಿ ಒಂದು ಸ್ವಿಚ್ಚಿನಿಂದ ನೋಡಬಹುದಿತ್ತು.

ಇಷ್ಟಕ್ಕೇ ಬಿಟ್ಟರೆ ಡಿ1 ಅಂದರೆ ಆಕ್ಸಿಲರೇಟರ್, ಡಿ2 ಅಂದರೆ ಬ್ರೇಕ್ ಅನ್ನುವ ಚಿತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದು ಪೂರ್ತಿ ಸರಿಯಲ್ಲ. 2013ರಲ್ಲಿ ಇಲಿಗಳಲ್ಲೇ ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಚಲನೆ ಶುರುವಾಗುವ ಹೊತ್ತಿಗೆ ಎರಡೂ ಬಗೆಯ ಕೋಶಗಳು ಒಟ್ಟಿಗೇ ಚುರುಕಾಗುವುದು ಕಂಡಿತು. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡನ್ನೂ ಒಟ್ಟಿಗೆ ಯಾರು ಒತ್ತುತ್ತಾರೆ? ಅದಕ್ಕೇ ನನಗೆ ನೀರುಗಂಟಿಯ ಚಿತ್ರವೇ ಹಿಡಿಸುತ್ತದೆ. ಒಂದು ಗದ್ದೆಗೆ ನೀರು ಬಿಡಬೇಕಾದರೆ ಆ ಗದ್ದೆಯ ಬಾಯಿ ತೆಗೆಯುವುದರ ಜೊತೆಗೆ ಅಕ್ಕಪಕ್ಕದ ಗದ್ದೆಗಳ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ನೀರು ಎಲ್ಲ ಕಡೆ ಚೆಲ್ಲುತ್ತದೆ. ಲೋಟ ಎತ್ತುವಾಗ ಎತ್ತುವ ಚಲನೆಗೆ ಡಿ1 ದಾರಿ ಬಿಡುತ್ತದೆ, ಆ ಹೊತ್ತಿಗೆ ಬೇಡವಾದ ಇತರ ಚಲನೆಗಳನ್ನು ಡಿ2 ತಡೆಯುತ್ತದೆ ಅನ್ನುವುದು ಈ ಫಲಿತಾಂಶಕ್ಕೆ ಹೊಂದುವ ಒಂದು ವಿವರಣೆ.

ಈಗ ಪ್ರಕರಣದ ಕಷ್ಟದ ಭಾಗ. ರೋಗಿಗಳು ಎದ್ದರು ಅಂದೆನಲ್ಲ, ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಸಾಮಾನ್ಯ ಪಾರ್ಕಿನ್ಸನ್‌ನಲ್ಲಿ ಲೆವೊಡೋಪಾ ಕೆಲವು ವರ್ಷ ಸಮನಾಗಿ ಕೆಲಸ ಮಾಡುತ್ತದೆ. ಇವರಲ್ಲಿ ಬಹಳ ಬೇಗ ತೊಂದರೆ ಶುರುವಾಯಿತು. ಮಾತ್ರೆಯ ಪ್ರಭಾವ ಇರುವಾಗ ಕೈಕಾಲು ತಮ್ಮಷ್ಟಕ್ಕೆ ತಾವೇ ತಿರುಚುತ್ತಾ ಕುಣಿಯುವುದು, ಪ್ರಭಾವ ಇಳಿದಾಗ ಮತ್ತೆ ಕಲ್ಲು. ಹೇಳುವವರಿಲ್ಲದೆ ಕಾದು ಕಾದು ಕೇಳುವ ಕೋಶಗಳ ಕಿವಿ ಅತಿ ಸೂಕ್ಷ್ಮವಾಗಿತ್ತು. ಡಿ1 ಕೋಶಗಳೊಳಗೆ, ಬಂದ ಅಷ್ಟೇ ಸಂದೇಶಕ್ಕೆ ಎದ್ದೇಳುವ ಅಬ್ಬರ ಮೊದಲಿಗಿಂತ ತುಂಬಾ ಜಾಸ್ತಿ. ಜೊತೆಗೆ ಮೊದಲು ಸಮನಾಗಿ ಜಿನುಗುತ್ತಿದ್ದ ಡೋಪಮೈನ್ ಈಗ ಮಾತ್ರೆ ನುಂಗಿದಾಗ ಪ್ರವಾಹ, ಮುಗಿದಾಗ ಬರ. ಉಳಿದ ನೈಗ್ರಾ ಕೋಶಗಳು ಜಾಸ್ತಿ ಇದ್ದರೆ ಆ ಪ್ರವಾಹವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪ ಬಿಡುತ್ತವೆ. ಇವರಲ್ಲಿ ಅವೂ ಉಳಿದಿರಲಿಲ್ಲ. ಹಾಗಾಗಿ ಈ ಅಡ್ಡ ಚಲನೆಗಳಿಗೆ ಮಾತ್ರೆಯ ವರ್ಷಗಳಷ್ಟೇ ಕಾರಣವಲ್ಲ, ಎಷ್ಟು ಕೋಶ ಹೋಗಿದೆ ಅನ್ನುವುದೂ ದೊಡ್ಡ ಕಾರಣ ಅಂತ ಈ ಏಳು ಜನರಿಂದ ಸ್ಪಷ್ಟವಾಯಿತು. "ಮಾತ್ರೆ ಶುರು ಮಾಡಿದರೆ ಮುಂದೆ ಕೆಲಸ ಮಾಡಲ್ಲ, ಆದಷ್ಟು ತಡ ಮಾಡೋಣ" ಅಂತ ಭಯಪಡುವ ಮನೆಯವರು ಈ ವಿಷಯವನ್ನು ವೈದ್ಯರ ಹತ್ತಿರ ಬಿಡಿಸಿ ಕೇಳಬೇಕು ಅಂತ ನನ್ನ ಆಸೆ. ನಾವೂ ಹಾಗೆ ಹೆದರಿ ಎಂಟು ತಿಂಗಳು ಸುಮ್ನೆ ಕಳೆದೆವು.

ಪ್ರವಾಹ, ಬರದ ಈ ಮಾತು ನಮ್ಮ ಅಡುಗೆಮನೆಗೂ ಸೇರಿದ್ದು. ಲೆವೊಡೋಪಾ ಒಂದು ಅಮೈನೋ ಆಮ್ಲ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ದಾಟಲು ಊಟದ ಪ್ರೋಟೀನಿನ ಅಮೈನೋ ಆಮ್ಲಗಳ ಜೊತೆ ಅದು ಪೈಪೋಟಿ ಮಾಡಬೇಕು. ದೊಡ್ಡಪ್ಪನಿಗೆ ಮೊದಲು ಮಧ್ಯಾಹ್ನದ ಮಾತ್ರೆಯನ್ನು ಮುದ್ದೆ, ಅವರೆಕಾಳು ಸಾರಿನ ಜೊತೆಗೇ ಕೊಡುತ್ತಿದ್ದೆವು. ಮೂರು ಗಂಟೆಯಾದರೂ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ವೈದ್ಯರು ಹೇಳಿದ ಮೇಲೆ ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಕೊಡಲು ಶುರು ಮಾಡಿದೆವು. ಈಗ ಊಟಕ್ಕೆ ತಾವೇ ನಡೆದು ಬರುತ್ತಾರೆ. ಮಾತ್ರೆ ಅದೇ, ಡೋಸ್ ಅದೇ.

ಪ್ರಕರಣದಲ್ಲಿ ಉಳಿದದ್ದು ಹೇಳಿಬಿಡುತ್ತೇನೆ. ಈ ರೋಗಿಗಳಲ್ಲಿ ಇಬ್ಬರಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಭ್ರೂಣದ ಡೋಪಮೈನ್ ಕೋಶಗಳನ್ನು ಸ್ಟ್ರಯೇಟಮ್‌ಗೆ ಕಸಿ ಮಾಡಿದರು. 1992ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಇಬ್ಬರ ಚಲನೆಯೂ ಚೆನ್ನಾಗಿ ಸುಧಾರಿಸಿತ್ತು. ಗಮನಿಸಿ, ಕಸಿ ಮಾಡಿದ್ದು ಕೋಶಗಳು ಸತ್ತ ನೈಗ್ರಾಕ್ಕಲ್ಲ, ಕೇಳುವ ಕೋಶಗಳು ಇರುವ ಜಾಗಕ್ಕೇ. ಎಷ್ಟೋ ವರ್ಷ ಕಾದಿದ್ದ ಆ ಕೋಶಗಳು ಹೊಸಬರ ಮಾತನ್ನೂ ಕೇಳಿಸಿಕೊಂಡವು. ಆದರೆ ಕಾಯುವ ಕೋಶಗಳಿಗೆ ಏನೂ ಆಗುವುದಿಲ್ಲ ಅಂತ ಅಲ್ಲ. ಡೋಪಮೈನ್ ಕಳೆದುಕೊಂಡ ಇಲಿಗಳಲ್ಲಿ ಡಿ2 ಕೋಶಗಳ ಕವಲುಗಳ ಮೇಲಿನ ಸಣ್ಣ ಮುಳ್ಳುಗಳು ಉದುರಿಹೋಗುವುದನ್ನು 2006ರಲ್ಲಿ ತೋರಿಸಿದರು. ಮೇಲ್ಪದರದಿಂದ ಬರುವ ಸಂದೇಶಗಳು ಕೂರುವುದು ಆ ಮುಳ್ಳುಗಳ ಮೇಲೇ.

ನಮ್ಮ ನಿಮ್ಹಾನ್ಸ್‌ನವರೂ ಈ ನೈಗ್ರಾವನ್ನು ಎಣಿಸಿದ್ದಾರೆ. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕಾಯಿಲೆ ಇಲ್ಲದ ಭಾರತೀಯರ ಮೆದುಳಿನಲ್ಲಿ ನೈಗ್ರಾದಲ್ಲಿ ಡೋಪಮೈನ್ ತಯಾರಿಸುವ ಕಪ್ಪು ಕೋಶಗಳು ಬ್ರಿಟನ್ನಿನವರಿಗಿಂತ ಕಡಿಮೆ ಇದ್ದವು, ಆದರೆ ವಯಸ್ಸಾದಂತೆ ಅವು ಕಡಿಮೆಯಾಗುತ್ತಾ ಹೋಗಲಿಲ್ಲ. ಹೇಳುವ ಕೋಶಗಳು ಕಡಿಮೆ ಇದ್ದೂ ಚಲನೆ ಸರಿಯಾಗಿ ನಡೆಯುತ್ತದೆ ಅಂದರೆ ಕೇಳುವ ಕಡೆ ಏನೋ ಹೊಂದಾಣಿಕೆ ಇರಬೇಕು ಅನ್ನುವುದು ನನ್ನ ಊಹೆ ಮಾತ್ರ.

1999ರಲ್ಲಿ ಲ್ಯಾಂಗ್‌ಸ್ಟನ್ ಇನ್ನೊಂದು ವರದಿ ಕೊಟ್ಟರು. ಆ ಪುಡಿಯನ್ನು ಚುಚ್ಚಿಕೊಂಡಿದ್ದ ಮೂವರು ತೀರಿಕೊಂಡ ಮೇಲೆ ಅವರ ಮೆದುಳನ್ನು ಪರೀಕ್ಷಿಸಿದ್ದರು. ಪುಡಿ ಚುಚ್ಚಿಕೊಂಡು 3ರಿಂದ 16 ವರ್ಷ ಬದುಕಿದ್ದವರು ಅವರು. ವಿಷ ಮೈಯಿಂದ ಹೊರಟುಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ನೈಗ್ರಾದಲ್ಲಿ ಮೈಕ್ರೋಗ್ಲಿಯಾ ಅನ್ನುವ, ಮೆದುಳಿನ ಕಾವಲು ಕೋಶಗಳು ನರಕೋಶಗಳನ್ನು ಸುತ್ತುವರಿದು ಕೆಲಸ ಮಾಡುತ್ತಲೇ ಇದ್ದವು. ಒಂದು ವಾರದಲ್ಲಿ ಆಗಿ ಮುಗಿಯಿತು ಅಂದುಕೊಂಡಿದ್ದ ಸಾವು ಅಲ್ಲಿ ಇನ್ನೂ ನಡೆಯುತ್ತಿತ್ತು.